ಗಿರಣಿ ಮನೆಯ ರೇಸ್ ಗಾಡಿ

ತಿಳವಳ್ಳಿಯ ನಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತನಾಡುತ್ತಿದ್ದೆವು. ಮೊದಲ ಸಲ ಬಂದ ಬೀಗರು ಒಳಗೆ ಜಗಳ ನಡೆದಿದೆಯೆಂದು ತಿಳಿದು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಮನೆಯ ಮುಂದಿನ ಅಂಕಣದಲ್ಲೇ ಅಪ್ಪನ ಹಿಟ್ಟಿನ ಗಿರಣಿ ಇತ್ತು. ಅದು ತಿರುಗುವಾಗ ಪಡಸಾಲೆಯ ದೇವರ ಪಟಗಳು ಸಣ್ಣಗೆ ನಡುಗುತ್ತಿದ್ದವು, ಮೆಲ್ಲಗೆ ಆಡಿದ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಕರೆಂಟು ಇದ್ದಾಗ ಗಿರಣಿ, ಹೋದಾಗ ಊಟ. ಮೋಟಾರು ನಿಂತು ಪಟ್ಟೆ ಸಡಿಲಾಗಿ ಪಟಪಟ ಬಡಿದುಕೊಳ್ಳುವ ಸದ್ದು ಕೇಳಿದೊಡನೆ ಅವ್ವ ತಾಟು ಹಾಕುತ್ತಿದ್ದಳು. ಅಪ್ಪ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ ಒಳಗೆ ಬರುತ್ತಿದ್ದ, ಮೆಣಸಿನಕಾಯಿ ಬೀಸಿದ ದಿನ ಮಾತ್ರ ಕೆಂಪಗಾಗಿ. ಆ ದಿನ ಕೊಟ್ಟಿಗೆಯ ಎಮ್ಮೆಗಳೂ ಸೀನುತ್ತಿದ್ದವು. ಇಷ್ಟು ಸದ್ದಿನ ಮನೆಯಲ್ಲಿ ಒಬ್ಬನೇ ಒಬ್ಬ ಮೆತ್ತಗೆ ಮಾತನಾಡುತ್ತಿದ್ದ. ಅವನು ಅಪ್ಪನ ತಮ್ಮ, ನನ್ನ ಫಕ್ಕೀರ ಕಾಕಾ. ಅವನು ಏನಾದರೂ ಹೇಳಿದರೆ ನಾವು ತುಟಿ ನೋಡಿ ತಿಳಿಯಬೇಕಾಗುತ್ತಿತ್ತು.

ಕಾಕಾ ಮೊದಲು ಹಾಗಿರಲಿಲ್ಲವಂತೆ. ಅವನು ಮಣ್ಣಿನ ರೇಸಿನವನು. ಹುಬ್ಬಳ್ಳಿ, ಕೊಲ್ಹಾಪುರದ ಕಡೆ ಬಯಲಲ್ಲಿ ದಿಬ್ಬ, ತಗ್ಗು ಮಾಡಿ, ನೀರು ಬಿಟ್ಟು ಕೆಸರೆಬ್ಬಿಸಿ, ಸುತ್ತ ಹಗ್ಗ ಕಟ್ಟಿ ಮೋಟರ್ ಸೈಕಲ್ ಓಡಿಸುವ ಪಂದ್ಯಗಳು ನಡೆಯುತ್ತಿದ್ದವು. ಎಲ್ಲಿಯೋ ಮೂಲೆ ಹಿಡಿದಿದ್ದ ಹಳೆಯ ಟೂ ಸ್ಟ್ರೋಕ್ ಗಾಡಿಯೊಂದನ್ನು ತಂದು ಅಣ್ಣತಮ್ಮಂದಿರಿಬ್ಬರೂ ನಮ್ಮ ಗಿರಣಿಯ ಹಿಂದಿನ ಕೋಣೆಯಲ್ಲಿ ಅದನ್ನು ಬಿಚ್ಚಿ, ರೇಸಿನ ಗಾಡಿಯನ್ನಾಗಿ ಮಾಡಿದ್ದರು. ಸೈಲೆನ್ಸರ್ ಮೇಲಕ್ಕೆ ಏರಿತ್ತು, ಟೈರುಗಳಿಗೆ ಹಲಸಿನ ಹಣ್ಣಿನ ಮುಳ್ಳಿನಂಥ ಗುಬುಟುಗಳಿದ್ದವು. ಕಾಕಾ ಅದರ ಮೇಲೆ ಕೂತು ದಿಬ್ಬ ಹಾರಿದರೆ ಎರಡೂ ಚಕ್ರ ನೆಲ ಬಿಟ್ಟು, ಕೆಳಗೆ ಆಚೆಯ ಬಯಲು ಕಾಣುತ್ತಿತ್ತು ಎಂದು ನೋಡಿದವರು ಹೇಳುತ್ತಿದ್ದರು. ನನಗೆ ಅದರ ನೆನಪಿಲ್ಲ. ನನಗೆ ನೆನಪಿರುವುದು ಒಂದು ಮಧ್ಯಾಹ್ನ ಮಾತ್ರ. ನಾನಾಗ ಇನ್ನೂ ಒಂದನೆಯ ಇಯತ್ತೆಗೆ ಹೋಗುತ್ತಿದ್ದೆ. ಕಾಕಾ ಗದ್ದೆಗೆ ಬುತ್ತಿ ಒಯ್ಯುವಾಗ ನನ್ನನ್ನು ಹಿಂದೆ ಕೂರಿಸಿಕೊಂಡಿದ್ದ. ಕಾಲುವೆಯ ಏರಿಯ ಮೇಲೆ ಗಾಡಿ ಕುಲುಕಿತು, ನಾನು ಕಾಲು ಒಳಕ್ಕೆಳೆದುಕೊಂಡೆ, ಎಡಗಾಲು ಹಿಂದಿನ ಚಕ್ರದ ಕಡ್ಡಿಗಳೊಳಗೆ ಹೋಯಿತು. ಸೀರೆಯ ಸೆರಗು, ಮಕ್ಕಳ ಕಾಲು ಸಿಗದಿರಲೆಂದು ಎಲ್ಲ ಗಾಡಿಗಳಿಗೂ ಚಕ್ರದ ಬದಿಗೆ ಒಂದು ಕಬ್ಬಿಣದ ಜಾಳಿಗೆ ಇರುತ್ತದೆ. ತೂಕ ಕಡಿಮೆಯಾಗಲೆಂದು ಆ ಗಾಡಿಯದನ್ನು ಕಾಕಾ ತೆಗೆದುಹಾಕಿದ್ದನಂತೆ.

ಹಿಮ್ಮಡಿ ಕೂಡಿಕೊಂಡಿತು, ಆದರೆ ಅದರ ಮೇಲಿನ ನರ ಗಿಡ್ಡವಾಗಿ ಉಳಿಯಿತು. ನಾನು ಇವತ್ತಿಗೂ ಎಡಗಾಲನ್ನು ಸ್ವಲ್ಪ ಎಳೆದೇ ನಡೆಯುತ್ತೇನೆ. ನಾನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಗಾಡಿ ಹಿತ್ತಿಲ ಕೊಟ್ಟಿಗೆಯ ಮೂಲೆಯಲ್ಲಿ ತೌಡಿನ ಚೀಲಗಳ ಹಿಂದೆ ಸೇರಿತ್ತು. ಕಾಕಾ ಆಮೇಲೆ ಯಾವ ಗಾಡಿಯನ್ನೂ ಹತ್ತಲಿಲ್ಲ. ಹಾನಗಲ್ಲಿಗೆ ಹೋಗಬೇಕಾದರೆ ಬಸ್ಸು, ಗದ್ದೆಗೆ ನಡಿಗೆ. ನಾನು ಸರಿಯಾಗಿ ನಡೆಯುವವರೆಗೆ ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ, ನಡೆಯಲು ಕಲಿತ ಮೇಲೂ ಪಾಟೀಚೀಲ ಹಿಡಿದು ಜೊತೆಗೆ ಬಂದ. ಪ್ರತಿ ಸಂಜೆ ಬಿಸಿ ಎಣ್ಣೆ ಹಚ್ಚಿ ನನ್ನ ಹಿಮ್ಮಡಿ ನೀವುತ್ತಿದ್ದ. ಮನೆಯಲ್ಲಿ ಅವನಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಅವ್ವ ಅವನೊಡನೆ ಮಾತು ಬಿಟ್ಟಳು, ಅಷ್ಟೇ. ಎಲ್ಲರ ಊಟವಾದ ಮೇಲೆ ಅವನು ಹಿತ್ತಿಲ ಬಾಗಿಲ ಕಟ್ಟೆಯ ಮೇಲೆ ಕೂರುತ್ತಿದ್ದ. ಅವ್ವ ತಾಟನ್ನು ಹೊಸ್ತಿಲ ಮೇಲಿಟ್ಟು, ಒಂದು ಬೆರಳಿನಿಂದ ಮುಂದಕ್ಕೆ ಸರಿಸಿ, ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ರೊಟ್ಟಿ ಮುಂಜಾನೆಯದು, ಸಾರು ತಳದ್ದು. ಕಾಕಾ ಒಮ್ಮೆಯೂ ಇನ್ನಷ್ಟು ಬೇಕೆಂದು ಕೇಳಿದವನಲ್ಲ. ಮನೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಆಯಿ, ಎಂದರೆ ಅಪ್ಪನ ಅವ್ವ, ಅದನ್ನು ನೋಡುತ್ತ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಮಾತ್ರ ನನ್ನ ಪಾಲಿನ ಬೆಲ್ಲವನ್ನೋ ಶೇಂಗಾ ಚಟ್ನಿಹಿಂಡಿಯನ್ನೋ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಹೋಗಿ ಅವನ ತಾಟಿಗೆ ಹಾಕುತ್ತಿದ್ದೆ. ನನ್ನ ಕಾಲಿನಿಂದಾಗಿಯೇ ಇವನು ಇಲ್ಲಿ ಕೂತಿದ್ದಾನೆ ಎಂಬುದು ಆ ವಯಸ್ಸಿಗೇ ನನಗೆ ಗೊತ್ತಿತ್ತು. ಮಕ್ಕಳಿಗೆ ಇಂಥದು ಯಾರೂ ಹೇಳಿಕೊಡಬೇಕಾಗಿಲ್ಲ.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ. ಅಪ್ಪ ಬೀಸುಕಲ್ಲು, ಮೋಟಾರು, ಪಟ್ಟೆ, ತಕ್ಕಡಿ, ಕುಡುಗೋಲು, ಕಡೆಗೆ ಅವ್ವನ ಈಳಿಗೆಗೂ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸುತ್ತಿದ್ದ. ಕೊಟ್ಟಿಗೆಯ ಮೂಲೆಗೆ ಮಾತ್ರ ಆರತಿ ಹೋಗುತ್ತಿರಲಿಲ್ಲ. ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ, ಯಾಕೆಂದು ನನಗೂ ತಿಳಿಯದು, ಕುಂಕುಮದ ಬಟ್ಟಲು ಹಿಡಿದು ಚೀಲಗಳ ಸಂದಿಯಲ್ಲಿ ತೂರಿ ಹೋದೆ. ಗಾಡಿಯ ಮೇಲೆ ತೌಡಿನ ಧೂಳು ಬೆರಳು ದಪ್ಪ ಕೂತಿತ್ತು. ಸೀಟನ್ನು ಇಲಿ ಕಡಿದು ಒಳಗಿನ ನಾರನ್ನು ಹೊರಗೆಳೆದಿತ್ತು. ನಾನು ಅದರ ದೀಪದ ಗಾಜು ಒರೆಸಿ ಕುಂಕುಮ ಹಚ್ಚಿ ಹಿಂದೆ ತಿರುಗಿದರೆ ಕಾಕಾ ನಿಂತಿದ್ದ. ಅವನು ಅದೇ ಬಟ್ಟಲಲ್ಲಿ ಬೆರಳು ಅದ್ದಿ ನನ್ನ ಹಣೆಗೊಂದಿಷ್ಟು ಹಚ್ಚಿ ಹೊರಟುಹೋದ.

ದೀಪಾವಳಿ ಕಳೆದ ಮೇಲೆ ಹಿರೇಕೆರೂರಿನ ಕಡೆಯಿಂದ ಕಾಕಾನಿಗೆ ಒಂದು ಸಂಬಂಧ ಕೇಳಿಕೊಂಡು ಬಂದರು. ಹುಡುಗಿಯ ಮನೆಯವರು ಅವಲಕ್ಕಿ ತಿಂದು, ಚಹಾ ಕುಡಿದು ಹೋದರು. ಅವರು ಅತ್ತ ಹೋದದ್ದೇ ಆಯಿ ಹುರುಪಿನಿಂದ ಕಾಕಾನನ್ನು ಕರೆದಳು. ನಾನು ಅಟ್ಟದ ಮೇಲೆ ಉಳ್ಳಾಗಡ್ಡಿ ತೆಗೆಯುತ್ತಿದ್ದೆ.

"ಹುಡುಗಿ ಲಕ್ಷಣ ಅದಾಳಪಾ. ಹೂಂ ಅನ್ನು."

"ಬ್ಯಾಡವ್ವಾ."

"ಯಾಕ ಬ್ಯಾಡ? ಎಷ್ಟ ದಿವಸ ಹಿಂಗ ಕಟ್ಟಿ ಮ್ಯಾಲೆ ಕುಂತು ಉಣ್ಣಾಂವ?"

"ಗಿರಿಜಾಂದು ಲಗ್ನ ಆಗೂಮಟ ನನ್ನ ಸುದ್ದಿ ತಗೀಬ್ಯಾಡ. ಕುಂಟಗಾಲಿನ ಹುಡುಗೀನ ಯಾರು ಮಾಡ್ಕೋತಾರೋ ಏನೋ. ಅಕಿದೊಂದು ದಡಕ್ಕ ಹತ್ತಲಿ."

ನಾನು ಉಳ್ಳಾಗಡ್ಡಿಯನ್ನು ಅಲ್ಲಿಯೇ ಬಿಟ್ಟು ಅಟ್ಟದ ಮೇಲೆ ಮೊಣಕಾಲಿಗೆ ತಲೆಯಿಟ್ಟು ಕೂತೆ. ಕುಂಟಗಾಲು ಎಂದದ್ದಕ್ಕೆ ನನಗೆ ಬೇಸರವಾಗಲಿಲ್ಲ, ಶಾಲೆಯಲ್ಲಿ ದಿನವೂ ಕೇಳುತ್ತಿದ್ದ ಮಾತು ಅದು. ಆದರೆ ನನಗಾಗಿ ಒಬ್ಬ ಮನುಷ್ಯ ತನ್ನ ಬದುಕನ್ನೇ ತೌಡಿನ ಚೀಲಗಳ ಹಿಂದೆ ಸರಿಸಿ ಇಟ್ಟಿದ್ದಾನೆ. ನನಗೆ ಮದುವೆಯಾಗಲು ಇನ್ನೂ ಎಷ್ಟು ವರ್ಷ ಬೇಕು? ಅಲ್ಲಿಯವರೆಗೆ ಇವನು ತಂಗಳ ರೊಟ್ಟಿ ತಿನ್ನುತ್ತ ಕೂರುವನೇ? ಹನ್ನೆರಡರ ಹುಡುಗಿಯ ತಲೆಗೆ ಹೊಳೆದ ಉಪಾಯ ಒಂದೇ. ಗಾಡಿ ನಿಂತದ್ದರಿಂದ ಅವನು ನಿಂತಿದ್ದಾನೆ. ಗಾಡಿ ಓಡಿದರೆ ಅವನೂ ಓಡುತ್ತಾನೆ. ಮರುದಿನ ಕರೆಂಟು ಹೋದಾಗ ಗಿರಣಿಯೊಳಗೆ ಹೋಗಿ ಅಪ್ಪನೆದುರು ನಿಂತೆ.

"ಅಪ್ಪಾ, ಕಾಕಾನ ಗಾಡಿ ಚಾಲೂ ಮಾಡಿಕೊಡು."

ಅಪ್ಪ ಬೀಸುಕಲ್ಲಿಗೆ ಹಲ್ಲು ಹಾಕುತ್ತಿದ್ದ. ಉಳಿಯ ಪೆಟ್ಟು ನಿಂತಿತು.

"ಯಾರು ಹೇಳಿ ಕಳಿಸ್ಯಾರ? ಆಂವ ಹೇಳಿದ್ನೇನು?"

"ಯಾರೂ ಹೇಳಿಲ್ಲ. ನನಗ ಬೇಕು. ನನ್ನ ಸಲುವಾಗಿ ಅದು ಅಲ್ಲೆ ಕೊಳಿಯಾಕತ್ತೈತಿ."

ಅಪ್ಪ ಬೈಯುತ್ತಾನೆಂದು ಕಣ್ಣು ಮುಚ್ಚಿಕೊಂಡೆ. ಅವನು ಹಿಟ್ಟಿನ ಕೈಯಿಂದ ಮುಖ ಒರೆಸಿಕೊಂಡು, "ನಿಮ್ಮವ್ವಗ ನಾ ಹೇಳ್ತೇನಿ" ಎಂದ. ಅವ್ವನಿಗೆ ಅವನು ಹೇಳಿದ್ದು, ಗಾಡಿಯನ್ನು ರಿಪೇರಿ ಮಾಡಿ ಮಾರಿಬಿಡುತ್ತೇನೆ, ಮನೆಯಿಂದ ಪೀಡೆ ಹೋಗಲಿ ಎಂದು. ಅದಕ್ಕೆ ಅವ್ವ ಬೇಡ ಅನ್ನಲಿಲ್ಲ.

ಈಗ ಹಳೆಯ ಗಾಡಿಗಳನ್ನು ಮನೆಯಲ್ಲೇ ಬಿಚ್ಚಿ ಹೊಸದರಂತೆ ಹೊಳೆಯಿಸುವವರನ್ನು ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ಅವರ ಕೋಣೆಗಳು ಎಷ್ಟು ಸ್ವಚ್ಛ, ಬೋಲ್ಟು ಬಿಚ್ಚುವ ಒಂದೊಂದು ಪಾನಾಕ್ಕೂ ಗೋಡೆಯ ಮೇಲೆ ಒಂದೊಂದು ಜಾಗ! ನಮ್ಮದು ಗಿರಣಿಯ ಹಿಂದಿನ ಕೋಣೆ. ಮೇಲಿಂದ ಹಿಟ್ಟು ಉದುರುತ್ತಿತ್ತು, ಕೆಳಗೆ ಎಣ್ಣೆ ಚೆಲ್ಲಿತ್ತು, ಎರಡೂ ಸೇರಿ ಕಾಲಿಗೆ ಕಣಕದಂತೆ ಹತ್ತುತ್ತಿತ್ತು. ಕಾಕಾ ಮೊದಮೊದಲು ಒಳಗೆ ಕಾಲಿಡಲಿಲ್ಲ. ಅಪ್ಪ ಗಾಡಿಯ ಹೊಟ್ಟೆ ಬಿಚ್ಚಿದ, ನಾನು ಬಿಚ್ಚಿದ ಬೋಲ್ಟುಗಳನ್ನು ಅವ್ವ ಬಿಸಾಕಿದ ಒಡಕು ಪರಾತಗಳಲ್ಲಿ ಜೋಡಿಸಿಟ್ಟೆ. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿ ಮರಿ ಹಾಕಿ ಹೋಗಿತ್ತು. ಪಿಸ್ಟನ್ ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿತ್ತು. ಅಪ್ಪ ಪ್ಲಗ್ಗಿನ ತೂತಿನಿಂದ ಚಿಮಣಿ ಎಣ್ಣೆ ಸುರಿದು, ದಿನಾ ಬೆಳಗ್ಗೆ ಕಿಕ್ಕಿನ ಮೇಲೆ ನಿಂತು ಮೈಭಾರ ಹಾಕುತ್ತಿದ್ದ, ಅದು ಅಲುಗುತ್ತಿರಲಿಲ್ಲ. ಟ್ಯಾಂಕಿಯೊಳಗಿನ ತುಕ್ಕು ತೆಗೆಯಲು ನಾನು ಹುಣಸೆ ನೀರು, ಸಣ್ಣ ಹರಳು ಹಾಕಿ, ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ತೂಗುತ್ತಿದ್ದೆ. ಕಾಕಾ ಹಿತ್ತಿಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತ ಆ ಸದ್ದು ಕೇಳುತ್ತಿದ್ದ. ಒಂದು ಬೆಳಗ್ಗೆ ಅಪ್ಪ ಪಿಸ್ಟನ್ ಮೇಲೆ ಸುತ್ತಿಗೆ ಎತ್ತಿದ್ದ. ಬಾಗಿಲಿಂದ ಕಾಕಾನ ಗಟ್ಟಿ ದನಿ ಬಂತು. ಅಷ್ಟು ಗಟ್ಟಿಯಾಗಿ ಅವನು ಮಾತನಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಅಣ್ಣಾ, ಹೊಡೀಬ್ಯಾಡ! ಕಟಗಿ ಇಟ್ಟು ಹೊಡಿ, ಇಲ್ಲಾಂದ್ರ ಒಡೀತೈತಿ!"

ಅಪ್ಪ ಸುತ್ತಿಗೆಯನ್ನು ಅವನತ್ತ ಚಾಚಿದ. ಕಾಕಾ ಒಳಗೆ ಬಂದು, ಬಾಳೆಯ ಹಣ್ಣಿಗೆ ಬಡಿದಂತೆ ಮೆತ್ತಗೆ ನಾಲ್ಕು ಸಲ ಬಡಿದ. ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು, ಇಬ್ಬರೂ ನಗಲಿಲ್ಲ. ಆ ದಿನದಿಂದ ಕಾಕಾ ಕೋಣೆಗೆ ಬರತೊಡಗಿದ. ನನ್ನ ಉಪಾಯ ಫಲಿಸಿತೆಂದು ನಾನು ಒಳಗೊಳಗೇ ಉಬ್ಬಿದೆ.

ಪಿಸ್ಟನ್ನಿನ ರಿಂಗು, ಕ್ಲಚ್ಚಿನ ಪ್ಲೇಟು ಬೇಕಾದವು. ಅಂಥ ಹಳೆಯ ಸಾಮಾನು ಸಿಗುವುದು ಸವಣೂರಿನ ಗುಜರಿ ಅಂಗಡಿಯಲ್ಲಿ ಮಾತ್ರ. ಒಂದು ಭಾನುವಾರ ಅಪ್ಪ ನನ್ನನ್ನೂ ಬಸ್ಸಿನಲ್ಲಿ ಕರೆದೊಯ್ದ. ಅಂಗಡಿಯ ಖಾದರ ಚಾಚಾ ಮುಪ್ಪಿನವನು, ಮಾತುಗಾರ. ಅಪ್ಪನನ್ನು ನೋಡಿದೊಡನೆ ಕನ್ನಡಕ ಏರಿಸಿ, ಚಹಾಕ್ಕೆ ಹೇಳಿ, ಹಳೆಯ ಕಬ್ಬಿಣದ ರಾಶಿಯಲ್ಲಿ ಕೈಯಾಡಿಸುತ್ತಲೇ ಮಾತಿಗೆ ತೊಡಗಿದ.

"ಬರ್ರಿ, ಬರ್ರಿ, ಗಿರಣಿ ಸಾಹುಕಾರ್ರ. ಗಾಡಿ ಮತ್ತ ಹೊರಗ ತಗದ್ರಿ? ಛಲೋ ಆತು ಬಿಡ್ರಿ. ಖರೇ ಹೇಳ್ತೇನಿ, ರೇಸಿನ ಹುಚ್ಚು ತಮ್ಮಗಿಂತ ನಿಮಗಽ ಹೆಚ್ಚಿತ್ತು. ವಜನ ಕಮ್ಮಿ ಆಗಬೇಕಂತ ಹಿಂದಿನ ಗಾಲೀದು ಜಾಳಗಿ ಕರಗಸಲೆ ಕೊರದು, ತಂದು ನನಗ ಗುಜರಿಗೆ ಹಾಕಿ ಹೋಗಿದ್ರಿ. ತಮ್ಮ ಬ್ಯಾಡ ಬ್ಯಾಡ ಅನ್ನಾಕತ್ತಿದ್ದ, ನೀವು ಕೇಳಬೇಕಲ್ಲ! ನೆನಪೈತಿಲ್ರಿ?"

ಅಪ್ಪನ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲಿಯೇ ನಿಂತಿತು. ಅವನು ಚಾಚಾನನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಬೇರೆ ಕಡೆ ಮುಖ ಮಾಡಿದೆ. ಚಾಚಾನಿಗೆ ಏನೂ ಗೊತ್ತಿರಲಿಲ್ಲ, ಅವನು ರಿಂಗು ಸಿಕ್ಕಿತೆಂದು ಖುಷಿಯಾಗಿ ಅದನ್ನು ನನ್ನ ಅಂಗೈಯಲ್ಲಿಟ್ಟ. ವಾಪಸು ಬರುವಾಗ ಅಪ್ಪ ಕಿಟಕಿಯ ಕಂಬಿಗೆ ತಲೆಯಾನಿಸಿ ಕೂತಿದ್ದ. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ನನಗೆ ಬಾಳೆಹಣ್ಣು ಕೊಡಿಸಿದ, ನಾನು ತಿಂದೆ. ಅವನು ಒಂದು ಮಾತನ್ನು ಹೇಳುತ್ತಾನೆಂದು ನಾನು ಕಾದೆ, ನಾನೊಂದು ಪ್ರಶ್ನೆ ಕೇಳುತ್ತೇನೆಂದು ಅವನು ಕಾದನೇನೋ. ತಿಳವಳ್ಳಿ ಬಂತು.

ಅಪ್ಪನನ್ನು ಕೇಳುವ ಧೈರ್ಯವಾಗದೆ ಕಾಕಾನನ್ನು ಕೇಳಿದೆ. ಅವನು ನನ್ನ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದ.

"ಕಾಕಾ, ಜಾಳಗಿ ಕೊರದಾಂವ ಅಪ್ಪ ಹೌದಲ್ಲ? ಎಲ್ಲಾರೂ ನೀನ ತಗದಿ ಅಂತಾರಲ್ಲ?"

ಅವನ ಬೆರಳು ನಿಂತವು. ಆಮೇಲೆ ಮತ್ತೆ ನೀವತೊಡಗಿದವು.

"ದವಾಖಾನಿ ಕಟ್ಟೀಮ್ಯಾಲೆ ನಿಮ್ಮವ್ವ ಕೇಳಿದ್ಳು, ಯಾರು ತಗದ್ರು ಅದನ್ನ ಅಂತ. ಅಣ್ಣನ ಬಾಯಿಂದ ಮಾತು ಹೊರಡಲಿಲ್ಲ. ನೀ ಒಳಗ ಚೀರಾಕತ್ತಿದ್ದಿ. ನಾನಽ ತಗದೇನಿ ವೈನಿ ಅಂದೆ. ಕೂಡ್ರಿಸ್ಕೊಂಡು ಹೋದಾಂವ ಅಂತೂ ನಾನ ಹೌದಿಲ್ಲ? ಮನ್ಯಾಗ ಒಬ್ಬಾಂವ ತಪ್ಪು ಮಾಡಿದ್ರ ಸಾಕಾಗಿತ್ತು, ಗಿರಿಜವ್ವಾ. ಇಬ್ರು ಯಾಕ?"

"ಅಪ್ಪ ಆಮ್ಯಾಲರೆ ಹೇಳಬೇಕಿತ್ತಲ್ಲ."

"ಮೊದಲನೇ ದಿನ ಹೇಳದ ಮಾತು ಎರಡನೇ ದಿನ ಎರಡರಷ್ಟು ಭಾರ ಆಗತೈತಿ. ನೀ ಸುಮ್ಕಿರು. ಯಾರ ಮುಂದೂ ಅನಬ್ಯಾಡ."

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅಂದಿನಿಂದ ಗಿರಣಿಯ ಹಿಂದಿನ ಕೋಣೆ ಬೇರೆಯೇ ಆಗಿ ಕಾಣತೊಡಗಿತು. ಅಪ್ಪ ಕಿಡಿ ಹಾರಿಸುವ ಮ್ಯಾಗ್ನೆಟ್ ಪಾಯಿಂಟು ತಿಕ್ಕುವುದು, ಸೈಲೆನ್ಸರಿನಲ್ಲಿ ಕಟ್ಟಿದ ಮಸಿ ತೆಗೆಯಲು ಬೆಂಕಿ ಹಾಕುವುದು, ಎರಡನ್ನೂ ಯಾರೋ ಹಿಂದೆ ನಿಂತು ಹೊಡೆಯುತ್ತಿದ್ದಾರೋ ಎಂಬಂತೆ ಮಾಡುತ್ತಿದ್ದ. ಕಾಕಾ ವಿಧೇಯ ತಮ್ಮನಂತೆ ಪಾನಾ ಎತ್ತಿ ಕೊಡುತ್ತಿದ್ದ. ನನಗೆ ಇಬ್ಬರ ಮೇಲೂ ಕನಿಕರ ಬರುತ್ತಿತ್ತು, ಮಧ್ಯಾಹ್ನ ಆ ತಾಟು ಹೊಸ್ತಿಲ ಮೇಲೆ ಸರಿದೊಡನೆ ಅಪ್ಪನ ಮೇಲೆ ಮಾತ್ರ ಸಿಟ್ಟು ಬರುತ್ತಿತ್ತು. ನನ್ನ ತಾಟಿನಲ್ಲಿ ಬಿಸಿ ರೊಟ್ಟಿ. ಆ ಬಿಸಿ ನನಗೆ ನಾಚಿಕೆಯಾಗುವಂತೆ ಮಾಡುತ್ತಿತ್ತು.

ಎಳ್ಳ ಅಮಾವಾಸ್ಯೆಯ ಮಧ್ಯಾಹ್ನದ ಊಟ. ಅವ್ವ ಭರ್ತಿ ಅಡುಗೆ ಮಾಡಿದ್ದಳು: ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅಪ್ಪನ ತಾಟಿಗೆ ಎರಡು ಹೋಳಿಗೆ, ನನಗೆ ಎರಡು, ಆಯಿಗೆ ಒಂದು. ಎಲ್ಲರದೂ ಮುಗಿಯುತ್ತ ಬಂದಾಗ ಕಾಕಾನ ತಾಟು ಹೊಸ್ತಿಲಿಗೆ ಹೋಯಿತು. ಅದರಲ್ಲಿ ಹೋಳಿಗೆ ಇರಲಿಲ್ಲ. ಬೇಕೆಂದು ಬಿಟ್ಟಳೋ, ಮರೆತಳೋ, ಅದು ನನಗೆ ಇಂದಿಗೂ ಗೊತ್ತಿಲ್ಲ. ಕಾಕಾ ಅನ್ನದ ಮೇಲೆ ಮಜ್ಜಿಗೆ ಸುರಿದುಕೊಂಡ. ನಾನು ಯೋಚಿಸಿ ಮಾತನಾಡಿದವಳಲ್ಲ, ಗಿರಣಿಯ ಸದ್ದಿಗೆ ಕೂಗಿ ರೂಢಿಯಾದ ನನ್ನ ಗಂಟಲಿನಿಂದ ಅದು ತಾನಾಗಿ ಹೊರಬಿತ್ತು.

"ಅವ್ವಾ, ಜಾಳಗಿ ಕೊರದಾಂವ ಕಾಕಾ ಅಲ್ಲ. ಅಪ್ಪ."

ಕರೆಂಟು ಇರಲಿಲ್ಲ, ಗಿರಣಿ ನಿಂತಿತ್ತು. ಅವ್ವ ಸೌಟನ್ನು ಬೋಗುಣಿಯ ಅಂಚಿಗೆ ಒರಗಿಸಿದಳು.

"ಖರೇ ಏನ್ರಿ?"

ಅಪ್ಪ ತಾಟಿನಲ್ಲೇ ಕೈ ತೊಳೆದುಕೊಂಡ. ಅರ್ಧ ಹೋಳಿಗೆ ಆ ನೀರಿನಲ್ಲಿ ತೇಲಿತು.

"ಖರೇ" ಎಂದ.

"ಇಷ್ಟ ವರ್ಷ ನನ್ನ ಕೈಲೆ ಪಾಪ ಮಾಡಿಸಿದ್ರೆಲ್ರಿ. ನನ್ನ ಕೈಲೆ ಆಂವಗ ತಂಗಳ ನೀಡಿಸಿದ್ರೆಲ್ರಿ! ಕುಂತು ನೋಡಿದ್ರಿ. ದಿನಾ ಕುಂತು ನೋಡಿದ್ರಿ."

ಅವಳು ಅಳಲಿಲ್ಲ. ಆಯಿ ಅತ್ತಳು. ಅಪ್ಪ ಎದ್ದು ಗಿರಣಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನಾನು ಕಾಕಾನತ್ತ ನೋಡಿದೆ. ಅವನು ಕೃತಜ್ಞತೆಯಿಂದ ನನ್ನನ್ನು ನೋಡುತ್ತಾನೆಂದು, ಈಗ ಎದ್ದು ಒಳಗೆ ಬರುತ್ತಾನೆಂದು ಎಣಿಸಿದ್ದೆ. ಅವನು ಎದ್ದು ಬಂದ, ಆದರೆ ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದೊಯ್ದ. ಅವನು ನನಗೆ ಬೈದದ್ದು ಅದೊಂದೇ ಸಲ.

"ನಿನ್ನ ನ್ಯಾಯಾ ಮಾಡು ಅಂತ ಯಾರು ಕರದಿದ್ರು? ನಾ ಹೊತ್ತ ಹೊರಿ ನನಗ ರೂಢಿ ಆಗಿತ್ತು. ಈಗ ನೋಡು, ಎಲ್ಲಾರ ತಲೀಮ್ಯಾಲೆ ಒಂದೊಂದು ಇಟ್ಟಿ."

ಅವನು ಹೇಳಿದ್ದೇ ಆಯಿತು. ಅಪ್ಪ ಒಳಗೆ ಬಂದು ಉಣ್ಣುವುದನ್ನು ಬಿಟ್ಟ. ಕರೆಂಟು ಹೋದರೂ ಗಿರಣಿಯಲ್ಲೇ ಚೀಲಕ್ಕೆ ಒರಗಿ ಕೂರುತ್ತಿದ್ದ, ಆಯಿ ಅಲ್ಲಿಗೇ ತಾಟು ಒಯ್ಯುತ್ತಿದ್ದಳು. ಬೀಸಲು ಬಂದವರು ಕೂಗಿ ಕರೆದರೂ ಒಮ್ಮೊಮ್ಮೆ ಅವನಿಗೆ ಕೇಳಿಸುತ್ತಿರಲಿಲ್ಲ. ಅವ್ವ ಈಗ ಎಲ್ಲರಿಗಿಂತ ಮೊದಲು ಕಾಕಾನನ್ನು ಪಡಸಾಲೆಗೆ ಕರೆದು ಮಣೆ ಹಾಕುತ್ತಿದ್ದಳು. ಅನ್ನದ ಮೇಲೆ ತುಪ್ಪದ ಗಿಂಡಿಯನ್ನೇ ಬಗ್ಗಿಸುತ್ತಿದ್ದಳು. ತಾನು ಮಾತ್ರ ತಳದ ಸಾರಿನಲ್ಲಿ ಮುಂಜಾನೆಯ ರೊಟ್ಟಿ ನೆನೆಸಿ ತಿನ್ನುತ್ತಿದ್ದಳು. ಕಾಕಾ ಒಂದು ದಿನ ತುತ್ತು ಕಲಸಿ ಹಾಗೆಯೇ ಕೂತ.

"ವೈನಿ, ಹಿಂಗ ನೀಡಬ್ಯಾಡ್ರಿ. ಗಂಟಲಾಗ ಇಳಿಯಂಗಿಲ್ಲ. ಮೊದಲಿನ ತಂಗಳರೆ ಇಳೀತಿತ್ತು."

ಅವ್ವ ಗಿಂಡಿಯನ್ನು ಕೆಳಗಿಟ್ಟು ಅಡುಗೆಮನೆಯ ಒಳಗೆ ಹೋಗಿ ಬಾಗಿಲಿಗೆ ಬೆನ್ನು ಹಚ್ಚಿ ನಿಂತಳು. ನಾನು ಬಚ್ಚಲ ಬಳಿ ಕೂತು ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದೆ. ಇದೆಲ್ಲ ನಾನು ಮಾಡಿದ್ದು. ಸುಳ್ಳು ಹೇಳಿದ್ದರೆ ಕ್ಷಮೆ ಕೇಳಬಹುದಿತ್ತು, ನಿಜ ಹೇಳಿದ್ದಕ್ಕೆ ಯಾರಲ್ಲಿ, ಏನೆಂದು ಕೇಳಬೇಕು? ಕಾಕಾನನ್ನು ಕಟ್ಟೆಯಿಂದ ಎಬ್ಬಿಸಲು ಹೋಗಿ ಅಪ್ಪನನ್ನು ಗಿರಣಿಯಲ್ಲಿ ಕೂರಿಸಿದ್ದೆ. ಕೋಣೆಯಲ್ಲಿ ಗಾಡಿ ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಬಿದ್ದಿತ್ತು, ಪರಾತಗಳಲ್ಲಿ ಬೋಲ್ಟುಗಳ ಮೇಲೆ ಹಿಟ್ಟು ಕೂರುತ್ತಿತ್ತು. ಅಪ್ಪ ಅತ್ತ ಹೋಗುತ್ತಿರಲಿಲ್ಲ, ಅಪ್ಪನಿಲ್ಲದೆ ಕಾಕಾನೂ ಹೋಗುತ್ತಿರಲಿಲ್ಲ.

ಕೊನೆಗೆ ಹೋದವಳು ಅವ್ವ. ಒಂದು ಮಧ್ಯಾಹ್ನ ಸೆರಗು ಸೊಂಟಕ್ಕೆ ಸಿಗಿಸಿ, ಗಿರಣಿಯ ಬಾಗಿಲು ದೂಡಿ, ಅಪ್ಪನೆದುರು ನಿಂತಳು. ನಾನು ಹಿಂದೆಯೇ ಇದ್ದೆ.

"ಅರ್ಧಕ್ಕ ಬಿಚ್ಚಿಟ್ಟ ಸಾಮಾನು ಮನ್ಯಾಗ ಇಟ್ಕೋಬಾರದು. ಮುಗಸ್ರಿ."

"ನನ್ನ ಕೈಲೆ ಆಗಂಗಿಲ್ಲ."

"ಕೊರ್ಯಾಕ ಆಗಿತ್ತು, ಜೋಡಸಾಕ ಆಗಂಗಿಲ್ಲೇನು? ಏಳ್ರಿ."

ಅಷ್ಟು ಹೇಳಿ ಅವಳೇ ಕೋಣೆಗೆ ಹೋಗಿ, ತೌಡಿನ ಚೀಲದ ಮೇಲೆ ಕೂತು, ಇಟ್ಟಂಗಿ ಪುಡಿ ಹಚ್ಚಿ ಗಾಡಿಯ ಹ್ಯಾಂಡಲ್ ತಿಕ್ಕತೊಡಗಿದಳು. ಬಳೆಗಳು ಕಬ್ಬಿಣಕ್ಕೆ ತಾಗಿ ಸದ್ದಾಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಅವನ ಹಿಂದೆ ಕಾಕಾ ಬಂದ. ಯಾರೂ ಯಾರಿಗೂ ಕ್ಷಮಿಸು ಎನ್ನಲಿಲ್ಲ. "ಆ ಪಾನಾ ಕೊಡು", "ಇಲ್ಲೆ ಹಿಡೀರಿ", "ವೈನಿ, ಚಿಂದಿ ಅರಿಬಿ ಐತೇನ್ರಿ" — ಇಷ್ಟೇ ಮಾತು. ಅವರ ಕೆಲಸ ಹೀಗೆ ಹಲವಾರು ಮಧ್ಯಾಹ್ನ ನಡೆಯಿತು. ಅಪ್ಪ ಗಿರಣಿಯ ಹಳೆಯ ಜರಡಿಯ ಕಬ್ಬಿಣ ಬಗ್ಗಿಸಿ ಹಿಂದಿನ ಚಕ್ರಕ್ಕೆ ಹೊಸ ಜಾಳಿಗೆ ಮಾಡಿದ. ಅದು ಗಾಡಿಗೆ ಒಂದಿಷ್ಟೂ ಒಪ್ಪುತ್ತಿರಲಿಲ್ಲ, ಅಗತ್ಯಕ್ಕಿಂತ ಎರಡು ಪಟ್ಟು ದಪ್ಪವಾಗಿತ್ತು. ಕಾಕಾ ಅದರ ಬೋಲ್ಟು ಬಿಗಿದ.

ಗಾಡಿಯನ್ನು ಹೊರಗೆ ತಳ್ಳಿದ ದಿನ ಭತ್ತದ ಗದ್ದೆಗಳೆಲ್ಲ ಕೊಯ್ಲಾಗಿ ಬಯಲಾಗಿದ್ದವು. ಕಾಕಾ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿದ. ಕಿಕ್ ಹೊಡೆದ, ಹೊಡೆದ, ಅದು ಗೊಣಗಿ ಸುಮ್ಮನಾಯಿತು. ಪ್ಲಗ್ಗು ಬಿಚ್ಚಿ ಒರೆಸಿ ಮತ್ತೆ ಹೊಡೆದ. ಒಮ್ಮೆಲೆ ಕಟಕಟನೆ ಸದ್ದೆದ್ದು ಹಿತ್ತಿಲೆಲ್ಲ ನೀಲಿ ಹೊಗೆ ತುಂಬಿತು, ಎಮ್ಮೆಗಳು ಕಣ್ಣಿ ಜಗ್ಗಿದವು. ನನ್ನ ಹಿಮ್ಮಡಿ ತಾನಾಗಿ ನೆಲ ಬಿಟ್ಟು ಮೇಲೆದ್ದಿತು. ಓಡಿಹೋಗಿ ಅವ್ವನ ಹಿಂದೆ ನಿಂತೆ. ಕಾಕಾ ಅದನ್ನು ನೋಡಿದ. ನನ್ನನ್ನು ಕೂರಲು ಕರೆಯಲಿಲ್ಲ. ಗದ್ದೆಯ ಬಯಲಲ್ಲಿ ಒಂದು ಸುತ್ತು ಹೊಡೆದು ಬಂದು, ಗಾಡಿ ಆರಿಸದೆ, ಇಳಿದ.

"ಅಣ್ಣಾ, ನೀ ಹೊಡಿ."

"ಹುಚ್ಚಗಿಚ್ಚ ಹಿಡದೈತೇನು? ನಾ ಯಾವಾಗ ಹೊಡದೇನಿ?"

"ಅದಕ್ಕಽ ಹೇಳಾಕತ್ತೇನಿ. ನಮ್ಮಪ್ಪ ನಿನ್ನ ಗಿರಣಿಗೆ ಹಚ್ಚಿದ, ನನ್ನ ಗಾಡಿಗೆ ಬಿಟ್ಟ. ಹಗ್ಗದಾಚೆ ನಿಂತು ನೀ ಚೀರತಿದ್ದಿ, ನನಗ ಕೇಳಸ್ತಿತ್ತು. ಹತ್ತು. ನಾ ಹಿಂದ ಕುಂಡ್ರತೇನಿ."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಹೂಂ ಎನ್ನಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅಪ್ಪ ಧೋತರ ಎತ್ತಿ ಕಟ್ಟಿ ಹತ್ತಿದ. ಗಾಡಿ ಕುಡಿದವನಂತೆ ಅತ್ತಿತ್ತ ವಾಲುತ್ತ ಹಾನಗಲ್ಲಿನ ರಸ್ತೆಗೆ ಬಿತ್ತು. ಬಹಳ ಹೊತ್ತಿನವರೆಗೆ ಸದ್ದು ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಅವ್ವ ಬಾಗಿಲಿಂದ ಒಳಕ್ಕೆ, ಒಳಗಿಂದ ಬಾಗಿಲಿಗೆ ಅಡ್ಡಾಡಿದಳು. ನಾನು ದೇವರ ಪಟದೆದುರು ಕೂತು, ಇನ್ನೊಂದು ಕಾಲು, ಇನ್ನೊಂದು ಕೈ ಹೋಗದಿರಲಿ ಎಂದು ಬೇಡಿಕೊಂಡೆ. ಈ ಸಲ ಏನಾದರೂ ಆಗಿದ್ದರೆ ಅದೂ ನನ್ನಿಂದಲೇ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಗಾಡಿ ತಳ್ಳಿಕೊಂಡು ಬಂದರು. ಮೈಯೆಲ್ಲ ಕೆಸರು. ಅಪ್ಪನ ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು. ಕಾಲುವೆಗೆ ಬಿದ್ದಿದ್ದರು. ಕಾಕಾ ನಗು ತಡೆಯಲಾಗದೆ ಹ್ಯಾಂಡಲಿಗೆ ಹಣೆ ಹಚ್ಚಿದ್ದ.

ಅವ್ವ ಬಾಗಿಲಲ್ಲೇ ಹಿಡಿದಳು. "ನಾಚಿಕಿ ಬರೂದಿಲ್ಲೇನು ಇಬ್ರಿಗೂ? ಬೆನ್ನ ಹಿಂದ ಒಬ್ಬಾಂವ, ಮುಂದೊಬ್ಬಾಂವ, ಕೋಣ ಬಿದ್ದಂಗ ಬಿದ್ದು ಬಂದಾರ! ನೀನೂ ಅಷ್ಟಽ ಫಕ್ಕೀರ, ನಿನಗರೆ ಬುದ್ಧಿ ಬ್ಯಾಡೇನು? ಹಂಗಽ ಹಿತ್ತಲದಾಗ ನಿಂದರ್ರಿ, ಒಳಗ ಬಂದ್ರ ಕಾಲು ಮುರೀತೇನಿ!" ಹೀಗೆ ಅವಳು ಎಷ್ಟು ಹೊತ್ತು ಬೈದಳೋ. ಕಾಕಾ ನಗುವುದನ್ನು ನಿಲ್ಲಿಸಿ, ಹೊತ್ತಿದ ದೀಪ ನೋಡುವಂತೆ ಅವಳ ಮುಖ ನೋಡುತ್ತ ನಿಂತಿದ್ದ. ನನ್ನ ಕಾಲು ಮುರಿದ ದಿನದಿಂದ ಅವಳು ಅವನ ಹೆಸರು ಹಿಡಿದು ಬೈದದ್ದು ಅದೇ ಮೊದಲು. ಮುಂದಿನ ಬೇಸಿಗೆಯಲ್ಲಿ ಅವನು ಹಿರೇಕೆರೂರಿನ ಆ ಹುಡುಗಿಯನ್ನೇ ಮದುವೆಯಾದ, ಅಲ್ಲಿಯೇ ಒಂದು ಗ್ಯಾರೇಜು ಹಾಕಿಕೊಂಡು ನಮ್ಮ ಮನೆ ಬಿಟ್ಟ. ಹೋಗುವ ದಿನ ಗಾಡಿಯನ್ನೂ ಒಯ್ದ. ನನ್ನ ಉಪಾಯ ಫಲಿಸಿತು ಎನ್ನಬೇಕು. ಆದರೆ ಅಪ್ಪ ಮೊದಲಿನ ಅಪ್ಪನಾಗಲಿಲ್ಲ. ಅವ್ವನ ಎದುರು ದನಿ ಏರಿಸಿ ಮಾತನಾಡುವ ಹಕ್ಕು ತನಗಿಲ್ಲವೆಂಬಂತೆ ಬದುಕಿದ. ಅವನ ಮೆತ್ತನೆಯ ಮಾತು ಕೇಳಿದಾಗಲೆಲ್ಲ, ಆ ಮಧ್ಯಾಹ್ನ ನಾನು ಹೋಳಿಗೆ ತಿಂದು ಸುಮ್ಮನಿರಬಹುದಿತ್ತು ಎನಿಸುತ್ತಿತ್ತು. ಈಗ ಅವನಿಲ್ಲ. ಈಗಲೂ ಎನಿಸುತ್ತದೆ.

ಆ ಸಂಜೆ ಅವ್ವನ ಬೈಗುಳ ಮುಗಿದ ಮೇಲೆ ಅಪ್ಪ ಬಚ್ಚಲ ಕಲ್ಲಿನ ಮೇಲೆ ಕೂತ. ನಾನು ತಂಬಿಗೆಯಿಂದ ಅವನ ಮೊಣಕೈಗೆ ನೀರು ಹನಿಸಿ ಕೆಸರು ತೊಳೆಯುತ್ತಿದ್ದೆ. ಅವನು ಗಾಯದ ಕಡೆ ನೋಡುತ್ತಿರಲಿಲ್ಲ. ನೆಲದ ಮೇಲಿದ್ದ ನನ್ನ ಎಡಗಾಲನ್ನು ನೋಡುತ್ತಿದ್ದ.

"ಗಿರಿಜಾ, ಕಾಲು ಈಗೂ ನೋಯತೈತೇನವಾ?"

ಅಷ್ಟು ವರ್ಷಗಳಲ್ಲಿ ಅವನು ನನಗೆ ಆ ಮಾತು ಕೇಳಿದವನಲ್ಲ. ಇಲ್ಲ ಎಂದುಬಿಡಬಹುದಿತ್ತು. ಒಂದು ಸಲ ನಿಜ ಹೇಳಿ ಏನಾಗಿತ್ತೆಂದು ಕಂಡಿದ್ದೆ. ತಂಬಿಗೆ ಕೆಳಗಿಟ್ಟೆ.

"ಥಂಡ್ಯಾಗ ನೋಯತೈತಿ, ಅಪ್ಪಾ."

ಅಪ್ಪ ಒದ್ದೆ ಕೈಯಿಂದ ನನ್ನ ಹಿಮ್ಮಡಿ ಹಿಡಿದುಕೊಂಡ. ಅವನ ಮೊಣಕೈಯ ರಕ್ತ ನೀರಿನೊಡನೆ ಇಳಿದು ನನ್ನ ಪಾದದ ಮೇಲೆ ಬೀಳುತ್ತಿತ್ತು. "ಹೂಂ" ಎಂದ. ಕೈಯನ್ನು ತೆಗೆಯಲಿಲ್ಲ.